ಸೊಟ್ಟ ಹೂಜಿಯ ಒಳಮೈ

ನನ್ನ ತಂಗಿಯ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಆ ದಿನವೇ ತೀರ್ಮಾನವಾಗಬೇಕಿತ್ತು. ಬೆಳಗಿನಿಂದಲೇ ಎಲ್ಲ ಎಡವಟ್ಟು. ನಾನು ಕೆಲಸ ಮಾಡುವ ಕಾರ್ಯಾಗಾರದ ಒಳಗೆ ಬಂದವಳೇ ಯಜಮಾನರಿಗೆ ಒಂದು ನಮಸ್ಕಾರವನ್ನೂ ಹೇಳದೆ ಟ್ಯೂಬ್‌ಲೈಟ್ ಆರಿಸಿದಳು. ಅದು ಗುಂಯ್‌ಗುಡುತ್ತದಂತೆ, ನಮಗಂತೂ ಕೇಳಿಸದು. ಯಜಮಾನರು ಮಬ್ಬಿನಲ್ಲಿ ಸ್ಟೂಲಿಗೆ ಎಡವಿ ನನ್ನನ್ನು ದುರುಗುಟ್ಟಿ ನೋಡಿದರು.

ಒಡೆದ ಹಳೆಯ ಹೂಜಿ, ಗಡಿಗೆಗಳನ್ನು ಜೋಡಿಸಿ ಸಂಗ್ರಹಾಲಯಗಳಿಗೆ ಕೊಡುವುದು ನಮ್ಮ ಕಸುಬು. ಉದ್ದನೆಯ ಮೇಜು, ಮರಳು ತುಂಬಿದ ತಟ್ಟೆಗಳು, ಮೂಗಿಗೆ ಅಡರುವ ಅಂಟಿನ ವಾಸನೆ. ನಾನು ಗಂಟುಬಿದ್ದು ಕಾಡಿದ ಮೇಲೆ ತಂಗಿಯನ್ನು ಒಂದು ವಾರ ನೋಡೋಣವೆಂದು ತೆಗೆದುಕೊಂಡಿದ್ದರು. ಅವತ್ತಿಗೆ ಆ ವಾರ ಮುಗಿಯುತ್ತಿತ್ತು. ಅವಳಿಗೆ ಆಟಿಸಂ ಇದೆ. ಡಾಕ್ಟರು ಇಟ್ಟ ಹೆಸರು ಅದು. ನೆಂಟರು ಮಾತ್ರ 'ಪಾಪ' ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆಗಲೇ ಕಪಾಟಿನಲ್ಲಿ ದಡಬಡ ಸದ್ದಾಯಿತು. ಸೊಟ್ಟ ಹೂಜಿಯ ಅಂಟು ಬಿಟ್ಟು, ಹಳೆಯ ಬಿರುಕುಗಳಲ್ಲೇ ಅಷ್ಟೂ ಚೂರುಗಳು ಕಳಚಿಕೊಂಡಿದ್ದವು. ಯಜಮಾನರೇ ವಯಸ್ಸಿನಲ್ಲಿದ್ದಾಗ ಜೋಡಿಸಿದ್ದ ಹೂಜಿ, ಕತ್ತು ಒಂದು ಕಡೆ ವಾಲಿಕೊಂಡಿತ್ತು. "ಕುಂಬಾರ ಅವತ್ತು ಕುಡಿದಿದ್ದ" ಎಂದು ಹೇಳಿ ಬಂದವರನ್ನೆಲ್ಲ ನಗಿಸುತ್ತಿದ್ದರು.

ನಾವು ಮೇಜಿನ ಸುತ್ತ ನಿಂತು, ಕಸುಬಿನ ರೂಢಿಯಂತೆ, ಚಿತ್ರ ನೋಡಿ ಚೂರು ಹೊಂದಿಸತೊಡಗಿದೆವು. ಹೂಜಿಯ ಸುತ್ತ ಬಾತುಕೋಳಿಗಳ ಸಾಲು. ಇದರ ಕೊಕ್ಕು ಯಾವುದು, ಅದರ ಬಾಲ ಎಲ್ಲಿ? ತಂಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಡುವೆ ಕೈ ಹಾಕಿ ಚೂರುಗಳನ್ನೆಲ್ಲ ಬೋರಲು ಹಾಕಿಬಿಟ್ಟಳು.

"ಏಯ್, ಏನಮ್ಮಾ ಇದು? ಚಿತ್ರ ಕಾಣ್ದೆ ಹೇಗ್ ಸೇರಿಸ್ತೀಯ?" ಯಜಮಾನರ ದನಿ ಏರಿತು.

"ಬಾತುಕೋಳಿ ಎಲ್ಲಾ ಒಂದೇ ಥರ. ಬರೀ ಗಲಾಟೆ," ಅಂದಳು ತಂಗಿ. "ಒಳಗಡೆ ಬೆರಳಿನ ಗುರುತಿದೆ."

ಮುಗಿಯಿತು ಇವಳ ಕೆಲಸ ಅಂದುಕೊಂಡೆ. ಅವಳು ಮೇಜಿನ ದೀಪವನ್ನು ಪಕ್ಕಕ್ಕೆ ಬಾಗಿಸಿದಳು. ಅಬ್ಬಾ! ಅಡ್ಡ ಬೆಳಕಿಗೆ ಚೂರುಗಳ ಒಳಮೈಯ ಗೀರುಗಳೆಲ್ಲ ಎದ್ದು ನಿಂತವು. ತಿರುಗುವ ಚಕ್ರದ ಮೇಲೆ ಕುಂಬಾರನ ಬೆರಳು ಎಳೆದ ಗೀರುಗಳು, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಸಡಿಲವಾಗಿ.

ತಂಗಿ ಗೀರಿಗೆ ಗೀರು ಕೂಡಿಸಿ ಟೇಪು ಅಂಟಿಸುತ್ತ ಹೋದಳು. "ಅದು ಅಲ್ಲೀದಲ್ಲ," ಎಂದು ಯಜಮಾನರ ಕೈಯಲ್ಲಿದ್ದ ಚೂರನ್ನೇ ಕಿತ್ತುಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಅವರು ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, "ಮುಂದಿಂದು ಯಾವ್ದು? ಇದಾ?" ಎಂದು ಕೇಳಿ ಕೇಳಿ ಚೂರು ಎತ್ತಿಕೊಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಹೂಜಿ ಎದ್ದು ನಿಂತಿತು. ನೆಟ್ಟಗೆ! ಕತ್ತು ಒಂದಿಷ್ಟೂ ವಾಲಿರಲಿಲ್ಲ. ಯಜಮಾನರು ಹಿಂದೆ ಜೋಡಿಸಿದಾಗ ಎರಡು ಬಾತುಕೋಳಿಗಳ ಚೂರುಗಳು ಅದಲುಬದಲಾಗಿದ್ದವು, ಕತ್ತು ವಾಲಿದ್ದು ಅದಕ್ಕೇ. ಸಂದಿಗೆ ಗಾರೆ ತುಂಬಿ ಬಣ್ಣ ಬಳಿದಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಯಜಮಾನರು ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು.

"ಪಾಪ, ಆ ಕುಂಬಾರನ್ನ ಸುಮ್‌ಸುಮ್ನೆ ಕುಡುಕ ಮಾಡ್ಬಿಟ್ನಲ್ಲೋ!" ಎಂದು ಕಣ್ಣೊರೆಸಿಕೊಂಡು, ತಂಗಿಯ ಕಡೆ ತಿರುಗಿದರು. "ಇಲ್ಲೇ ಇದ್ಬಿಡ್ತೀಯೇನಮ್ಮಾ? ಖಾಯಂ ಕೆಲಸ."

ತಂಗಿ ಅವರ ಮುಖ ನೋಡಲಿಲ್ಲ. ಕಪಾಟಿನ ಮೇಲಿನ ಸಾಲನ್ನೇ ದಿಟ್ಟಿಸುತ್ತಿದ್ದಳು.

"ಅಲ್ಲಿ ಇನ್ನೂ ಮೂರು ಸೊಟ್ಟ ಇವೆ," ಅಂದಳು. "ಅವನ್ನ ನಾವು ಯಾವಾಗ ಬಿಚ್ಚೋದು?"

ಹಿಂದೆ ಎಷ್ಟೋ ಕೆಲಸಗಳಿಂದ ಮನೆಗೆ ಬಂದು 'ಅವರು ಹೀಗಂದ್ರು, ಅವರು ಹಾಗಂದ್ರು' ಎಂದು ಹೇಳುತ್ತಿದ್ದವಳು ನನ್ನ ತಂಗಿ. 'ನಾವು' ಅಂದದ್ದು ಇದೇ ಮೊದಲು. ನಾನು ಗೋಡೆಯ ಕಡೆ ತಿರುಗಿ ಅತ್ತೇಬಿಟ್ಟೆ. ಯಜಮಾನರು ಆಗಲೇ ಏಣಿ ತರಲು ಓಡಿದ್ದರು.