ಬೆಕ್ಕಿಗೊಂದು ಇಲಿ, ಹಳ್ಳಿಮೈಸೂರಿನಲ್ಲಿ

೧

ಈ ಕಥೆಯನ್ನು ಬಸ್ಸಿನಿಂದ ಶುರು ಮಾಡಬೇಕೋ ಕಿಟಕಿಯಿಂದಲೋ ನನಗಿನ್ನೂ ಗೊತ್ತಾಗಿಲ್ಲ. ಬಸ್ಸಿನಿಂದ ಶುರು ಮಾಡಿದರೆ ತೇಜಶ್ರೀ ಹೊಳೆನರಸೀಪುರ ದಾಟಿ ಹಳ್ಳಿಮೈಸೂರಿನ ಕಡೆ ಹೊರಟ ಬಸ್ಸಿನಲ್ಲಿ ಖಾಲಿ ಟಿಫನ್ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ಡಬ್ಬಿಯೊಳಗೆ ಹತ್ತಿ ಹಾಸಿದೆ, ಗಾಜಿನ ಇಲಿಯೊಂದನ್ನು ತರುವುದಕ್ಕೆ. ನೀವು ಇದೇನಪ್ಪ ಎಂದುಕೊಂಡು ಮುಂದೆ ಓದುತ್ತೀರಿ. ಕಿಟಕಿಯಿಂದ ಶುರು ಮಾಡಿದರೆ ಅಯ್ಯೋ ಪಾಪ ಅನ್ನುತ್ತೀರಿ.

ಅಯ್ಯೋ ಪಾಪ ತೇಜಶ್ರೀಗೆ ಬೇಡ. ಮೊದಲ ಡ್ರಾಫ್ಟ್ ಓದಿ, "ಸಾರ್, ಇದನ್ನ ಹರಿದು ಹಾಕಿ" ಎಂದಿದ್ದಳು. ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಹರಿಯುವುದು ಹೇಗೆಂದು ಕೇಳಬೇಡಿ. ಡಿಲೀಟ್ ಅಂದರೆ ಆ ಸುಖವಿಲ್ಲ.)

ಹಾಗಾಗಿ ಬಸ್ಸು.

೨

ಆದರೆ ಬಸ್ಸು ಹೊರಡುವ ಮೊದಲು ಬೆಕ್ಕಿನ ವಿಷಯ ಹೇಳಬೇಕು.

ತೇಜಶ್ರೀ ಹಾಸನದ ಖಾಸಗಿ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಊರವರ ರಕ್ತ ತೆಗೆಯುವ ಕೆಲಸ. ಜೊತೆಯಲ್ಲಿ ಕೆಲಸ ಮಾಡುವ ಶಾಂತಕುಮಾರಿ ಒಂದು ವರ್ಷ ಕ್ರಿಸ್‌ಮಸ್ಸಿಗೆ ಮನೆಗೆ ಕರೆದಳು. ಅಲ್ಲಿ ಅಲಂಕರಿಸಿದ ಮರದ ಮೇಲೆ, ನಕ್ಷತ್ರ ಗಂಟೆಗಳ ನಡುವೆ ಗಾಜಿನ ಬೆಕ್ಕೊಂದು ನೇತಾಡುತ್ತಿತ್ತು. ಹಳೇ ಕಾರ್ಟೂನಿನ ಬೆಕ್ಕು. ಮುಂಗಾಲು ಎರಡೂ ಚಾಚಿ ಓಡುತ್ತಿದೆ. ಮುಂದೆ ಏನೂ ಇಲ್ಲ.

"ಇದ್ರ ಇಲಿ ಎಲ್ಲಿ?"

"ಯಾವತ್ತೋ ಕಳೆದೋಯ್ತು ಕಣೆ. ಬೇಕಾದ್ರೆ ಇದನ್ನೂ ತಗೊಂಡೋಗು."

ಬೆಕ್ಕನ್ನು ಮನೆಗೆ ತಂದಳು. ಅಲ್ಲಿಂದ ಹುಚ್ಚು ಹಿಡಿಯಿತು. ಚರ್ಚಿನ ಸೇಲ್, ಆನ್‌ಲೈನ್, ಯಾರದೋ ಅಟ್ಟ, ಎಲ್ಲೆಲ್ಲೋ ಹುಡುಕಿ ಮೊಲ ತಂದಳು, ಬಾತುಕೋಳಿ ತಂದಳು, ಹಲ್ಲು ಕಿರಿಯುವ ನಾಯಿ ತಂದಳು. ಶೋಕೇಸಿನಲ್ಲಿ ಬುದ್ಧನ ಮೂರ್ತಿಯ ಕೆಳಗಿನ ಸಾಲು ತುಂಬಿತು. "ಮರ ಇಲ್ಲದೆ ಕಾಯಿ ಕೂಡಿಡ್ತಾ ಅವ್ಳೆ" ಎಂದು ಗಂಡ ಮೋಹನ್‌ಕುಮಾರ್ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಬೆಕ್ಕಿನ ಇಲಿ ಮಾತ್ರ ಸಿಗಲಿಲ್ಲ.

ಈ ನವೆಂಬರಿನಲ್ಲಿ ಫೇಸ್‌ಬುಕ್ಕಿನಲ್ಲಿ ಸಿಕ್ಕಿತು. ಧನ್ಯಾ ಎಂಬ ಹುಡುಗಿ ಬರ್ತ್‌ಡೇ ಡೆಕೊರೇಷನ್ ಬಿಸಿನೆಸ್ ಮಾಡುತ್ತಾಳೆ, ಮಿಕ್ಕ ಸಾಮಾನು ಮಾರುತ್ತಿದ್ದಾಳೆ. ಫೋಟೋದಲ್ಲಿ ಇಲಿ ಹಿಂದಿರುಗಿ ನೋಡುತ್ತ ಓಡುತ್ತಿತ್ತು. ಬೆಕ್ಕಿನದೇ ಗಾಜು, ಅದೇ ಕೈಕೆಲಸ.

ತೇಜಶ್ರೀ ನೋಡಿದ್ದು ಇಲಿಯನ್ನಲ್ಲ. ಅದರ ಹಿಂದಿದ್ದ ಹಸಿರು ಬಾಗಿಲಿನ ಕಿಟಕಿಯನ್ನು.

೩

(ನೋಡಿ, ತಪ್ಪಿಸಿಕೊಳ್ಳಲಾಗಲಿಲ್ಲ. ಕಿಟಕಿ ಬಂದೇಬಿಟ್ಟಿತು. ಬೇಗ ಹೇಳಿ ಮುಗಿಸುತ್ತೇನೆ.)

ಅದು ಹಳ್ಳಿಮೈಸೂರಿನ ರಾಮಣ್ಣನವರ ಮನೆ. ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಕಾರ್ಟೂನ್ ಬರುತ್ತಿದ್ದ ಕಾಲ. ಆ ಮನೆಯ ಜಮೀನಿನಲ್ಲಿ ಕೂಲಿಗೆ ಹೋಗುತ್ತಿದ್ದ ದ್ಯಾವಯ್ಯನ ಮಕ್ಕಳು, ತೇಜಶ್ರೀ ಮತ್ತು ಅವಳ ಅಣ್ಣ ಮನೋಹರ, ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರು. ಒಂದು ಭಾನುವಾರ ನಗುವಿನ ಭರದಲ್ಲಿ ಮನೋಹರ ಒಳಗೆ ಹೋಗಿ ಚಾಪೆಯ ಮೇಲೆ ಕೂತುಬಿಟ್ಟ. ರಾಮಣ್ಣನವರ ಹೆಂಡತಿ ಪುಟ್ಟತಾಯಮ್ಮ ಅವನ ಅಂಗಿಯ ಕಾಲರು ಹಿಡಿದು ಹೊರಗೆ ತಂದು ಬಿಟ್ಟರು. ಬೈಯಲಿಲ್ಲ. ಒಳಗೆ ಹೋಗಿ ಕಿಟಕಿಯ ಚಿಲಕ ಹಾಕಿಕೊಂಡರು. ಮುಂದಿನ ಭಾನುವಾರವೂ ತೆಗೆಯಲಿಲ್ಲ.

ತೇಜಶ್ರೀ ಮುಚ್ಚಿದ ಕಿಟಕಿಗೆ ಕಿವಿಯಿಟ್ಟು, ಈಗ ಬೆಕ್ಕು ಬಿತ್ತು, ಈಗ ಪಾತ್ರೆ ಉರುಳಿತು ಎಂದು ಅಂದಾಜು ಮಾಡಿ ಅಣ್ಣನಿಗೆ ಹೇಳುತ್ತಿದ್ದಳು. ಮನೋಹರ ಕೇಳಿಸಿಕೊಳ್ಳದವನ ಹಾಗೆ ನೆಲ ಕೆದಕುತ್ತಿದ್ದ.

ಇಷ್ಟೇ.

೪

ಹಳ್ಳಿಮೈಸೂರಿನಲ್ಲಿ ಬಸ್ಸು ನಿಂತಿತು. ತೇಜಶ್ರೀ ಇಳಿಯಲಿಲ್ಲ.

"ಇಳಿಯವ್ವ, ಕಥೆ ಮುಂದಕ್ಕೆ ಹೋಗಬೇಕು" ಎಂದೆ.

"ಕೊರಿಯರ್ ಮಾಡಿ ಅಂದಿದ್ರೆ ಮಾಡ್ತಿದ್ರು ಸಾರ್. ನೀವೇ ಬಸ್ ಹತ್ತಿಸಿದ್ದು."

"ನಾನಲ್ಲ. ಟಿಕೆಟ್ ತಗೊಂಡಿದ್ದು ನೀನು."

ಕಂಡಕ್ಟರು ಬಾಗಿಲು ಬಡಿದ. ಅವಳು ಇಳಿದಳು. ಕೆಳಗೆ ಮನೋಹರ ಬೈಕಿನ ಮೇಲೆ ಕೂತಿದ್ದ. ಊರಲ್ಲೇ ಇದ್ದು ಸ್ವಂತ ಜಮೀನು ನೋಡಿಕೊಳ್ಳುವವನು. ಗಾಡಿ ಸ್ಟಾರ್ಟ್ ಮಾಡಲಿಲ್ಲ.

"ಯಾರ ಮನೆ ಅಂತ ಗೊತ್ತಿದ್ದೂ ಬಂದ್ಯಾ?"

"ಹೂಂ."

"ಓಗ್ಬೇಡ ಕಣವ್ವ. ಆ ಹುಡ್ಗಿ ಒಳ್ಳೇದೇ. ಮುದುಕಿ ಇನ್ನೂ ಗಟ್ಟಿಯಾಗವ್ಳೆ. ಏನಾರ ಅಂದ್ರೆ ನಾನು ಸುಮ್ಕಿರಲ್ಲ. ಆಮ್ಯಾಕೆ ಊರ್ನಲ್ಲಿ ಬದುಕ್ಬೇಕಾದೋನು ನಾನು."

ವಾಪಸ್ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ತೇಜಶ್ರೀ ಬೈಕಿನ ಹಿಂದೆ ಹತ್ತಿ ಕೂತು, "ನಡಿ" ಎಂದಳು.

ಗೇಟಿನ ಹತ್ತಿರ ಮನೋಹರ ಇಳಿಯಲಿಲ್ಲ. ಇಂಜಿನ್ನೂ ಆಫ್ ಮಾಡಲಿಲ್ಲ.

೫

"ಬನ್ನಿ ಅಕ್ಕ, ಒಳಗೆ ಬನ್ನಿ" ಎಂದು ಧನ್ಯಾ ಓಡಿಬಂದಳು. ಹಾಲ್‌ನಲ್ಲಿ ಬಲೂನಿನ ಮೂಟೆಗಳು, ಥರ್ಮಾಕೋಲು, ಬಣ್ಣದ ಕಾಗದ. ಅವುಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದಳು. ತೇಜಶ್ರೀ ಕೂತಳು. ಒಳಗಿನಿಂದ ಆ ಕಿಟಕಿಯನ್ನು ಅವಳು ಯಾವತ್ತೂ ನೋಡಿರಲಿಲ್ಲ. ಇಷ್ಟು ಚಿಕ್ಕದಾ ಎನಿಸಿತು.

ಎದುರಿನ ದಿವಾನದ ಮೇಲೆ ಪುಟ್ಟತಾಯಮ್ಮ ಕೂತಿದ್ದರು. ಧನ್ಯಾ ಅಡುಗೆಮನೆಗೆ ಹೋದಮೇಲೆ ಕೇಳಿದರು.

"ಯಾವೂರವ್ವ?"

"ಹಾಸನ."

"ಮೊದ್ಲಿಂದ್ಲೂ ಆಸನವೇಯಾ?"

ಇಲ್ಲಿ ಒಂದು ಸುಳ್ಳು ಹೇಳಿದರೆ ಸಾಕಿತ್ತು. ಇಲಿ ಡಬ್ಬಿಗೆ ಬೀಳುತ್ತಿತ್ತು, ಕಥೆ ಮುಗಿಯುತ್ತಿತ್ತು. ನಾನು ಆ ಸುಳ್ಳನ್ನು ಟೈಪ್ ಮಾಡಿಯೂ ಇಟ್ಟಿದ್ದೆ. ಹೊರಗೆ ಬೈಕಿನ ಸದ್ದು ಕೇಳುತ್ತಲೇ ಇತ್ತು.

"ಇಲ್ಲ, ಇದೇ ಊರು. ದ್ಯಾವಯ್ಯನ ಮಗಳು."

ಪುಟ್ಟತಾಯಮ್ಮ ಅವಳ ಕಾಲಿನಿಂದ ಮುಖದವರೆಗೆ ನೋಡಿ, ಕುರ್ಚಿಯನ್ನು ನೋಡಿದರು.

ಧನ್ಯಾ ಕಾಫಿಯ ಟ್ರೇ ತಂದು ಟೀಪಾಯಿ ಮೇಲಿಟ್ಟಳು. ಅಷ್ಟರಲ್ಲಿ ಯಾರೋ ಗಿರಾಕಿಯ ಫೋನ್ ಬಂದು ವರಾಂಡಕ್ಕೆ ಹೋದಳು. ಟ್ರೇಯಲ್ಲಿ ಒಂದು ಸ್ಟೀಲ್ ಲೋಟವಿತ್ತು. ಬಲೂನಿನ ಚಿತ್ರದ ಎರಡು ಪೇಪರ್ ಕಪ್ಪುಗಳಿದ್ದವು. ಯಾವುದು ಯಾರಿಗೆ ಎಂದು ಯಾರೂ ಹೇಳಿರಲಿಲ್ಲ.

"ತಕ್ಕೊ" ಎಂದರು ಪುಟ್ಟತಾಯಮ್ಮ. ಅವರ ಗದ್ದ ಪೇಪರ್ ಕಪ್ಪಿನ ಕಡೆಗೆ ಹೊರಳಿತು.

ತೇಜಶ್ರೀ ಸ್ಟೀಲ್ ಲೋಟ ತೆಗೆದುಕೊಂಡಳು.

"ಅದು..." ಎಂದರು ಪುಟ್ಟತಾಯಮ್ಮ.

"ಏನಮ್ಮ?"

"...ಬಿಸಿ ಐತೆ."

"ಪರವಾಗಿಲ್ಲ."

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಯಿಟ್ಟು ಕುಡಿದಳು. ಸಕ್ಕರೆ ಇರಲಿಲ್ಲ. ಕಹಿ. ಆಗಲೇ ಅವಳಿಗೆ ಹೊಳೆದದ್ದು. ಮುಂದಿನ ಗುಟುಕಿಗೆ ಧನ್ಯಾ ಒಳಗೆ ಬಂದು ಹೇಳಿಯೂಬಿಟ್ಟಳು.

"ಅಯ್ಯೋ ಅಕ್ಕ, ಅದು ಅಜ್ಜೀದು. ಶುಗರ್ ಐತೆ ಅಂತ ಬೇರೆ ಲೋಟದಲ್ಲಿ ಹಾಕ್ತೀನಿ. ನಮಗೆ ಕಪ್ಪು, ಪಾರ್ಟೀದು ಮಿಕ್ಕಿದ್ವು."

ತೇಜಶ್ರೀ ಮುದುಕಿಯನ್ನೇ ನೋಡುತ್ತ ಇಡೀ ಲೋಟ ಕುಡಿದಳು. ಖಾಲಿ ಲೋಟವನ್ನು ಟ್ರೇಯಲ್ಲಿ ಇಟ್ಟಳು. ಧನ್ಯಾ ಇಬ್ಬರ ಮುಖವನ್ನೂ ನೋಡಿ, ಗಡಿಬಿಡಿಯಲ್ಲಿ ಇಲಿಯನ್ನು ಹತ್ತಿಯಲ್ಲಿ ಸುತ್ತತೊಡಗಿದಳು.

೬

ಮುಕ್ತಾಯ ಒಂದು: ಪುಟ್ಟತಾಯಮ್ಮ ಅವಳ ಕೈ ಹಿಡಿದು ಅಳುತ್ತಾರೆ. (ಬರೆದೆ. ತೇಜಶ್ರೀ ಓದಿ, "ಆಯಮ್ಮ ಯಾಕಳ್ತಾರೆ ಸಾರ್? ಅಳೋದು ನಿಮಗೆ ಬೇಕಾಗಿರೋದು" ಎಂದಳು. ತೆಗೆದೆ.)

ಮುಕ್ತಾಯ ಎರಡು: ಇಲಿ ಕೈಜಾರಿ ಒಡೆಯುತ್ತದೆ. (ಗಾಜು ಕಂಡರೆ ಒಡೆಯುವ ಚಾಳಿ ಕಥೆಗಾರರಿಗೆ. ಬೇಡ.)

ನಡೆದದ್ದು ಇಷ್ಟು. ತೇಜಶ್ರೀ ಡಬ್ಬಿ ಹಿಡಿದು, "ಬರ್ತೀನಮ್ಮ" ಎಂದಳು. ಗೇಟಿನಲ್ಲಿ ಮನೋಹರ ಅವಳ ಮುಖ ನೋಡಿ ಇಂಜಿನ್ ಆಫ್ ಮಾಡಿದ.

"ಏನಾರ ಅಂದ್ರಾ?"

"ಬಿಸಿ ಐತೆ ಅಂದ್ರು."

ಅವನಿಗೆ ಅರ್ಥವಾಗಲಿಲ್ಲ. ಡಬ್ಬಿ ತೆರೆದು, ಒರಟು ಬೆರಳಲ್ಲಿ ಇಲಿಯನ್ನು ಎತ್ತಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದು ಕಂದು ಬಣ್ಣವಾ? ಆ ಟೀವೀಲಿ ಎಲ್ಲಾ ಬೂದಿ ಬೂದಿ ಕಾಣ್ತಿತ್ತು ಕಣವ್ವ. ನಾನು ಇಷ್ಟು ದಿನ ಬೂದಿ ಅಂತ್ಲೇ ಅನ್ಕಂಡಿದ್ದೆ."

ಬೈಕು ಹೊರಟಿತು.

ಈಗ ನೀವು ಲೋಟದ ಗತಿ ಏನಾಯಿತೆಂದು ಕೇಳುತ್ತೀರಿ. ಧನ್ಯಾ ಅಜ್ಜಿಗೆ ಬೇರೆ ಕಾಫಿ ತರಲು ಅದನ್ನು ಒಳಗೆ ತೆಗೆದುಕೊಂಡು ಹೋದದ್ದನ್ನು ನಾನೂ ಕಂಡೆ. ಅದರಲ್ಲೇ ತರುತ್ತಾಳೋ, ತಂದರೆ ಪುಟ್ಟತಾಯಮ್ಮ ಕೈಚಾಚುತ್ತಾರೋ, ಮುಖ ತಿರುಗಿಸುತ್ತಾರೋ ಗೊತ್ತಿಲ್ಲ. ಅವರಿನ್ನೂ ದಿವಾನದ ಮೇಲೆಯೇ ಇದ್ದಾರೆ, ಅಡುಗೆಮನೆಯ ಬಾಗಿಲು ನೋಡುತ್ತ. ತೇಜಶ್ರೀ ಕಾಯಲಿಲ್ಲ. ಅವಳು ಕಾಯದ ಮೇಲೆ ನಾನು ಕಾಯುವುದು ಸರಿಯಲ್ಲ. ನಿಮಗೆ ತಿಳಿಯಲೇಬೇಕಿದ್ದರೆ ಒಳಗೆ ಹೋಗಿ ಕೂತುಕೊಳ್ಳಿ. ಒಂದೇ ಕುರ್ಚಿಯಿರುವುದು, ಅವಳು ಈಗಷ್ಟೇ ಎದ್ದುಹೋದದ್ದು.