ತೈಸ್ತೊನ ಉಗ್ರಾಣ

"ಮತ್ತೆ ಅದೇ ಬರ್ತಿದೆ," ಎಂದಳು ಹಿಲ್ಕಾ.

"ನೀನು ಸರಿಯಾಗಿ ನೋಡಿರಲ್ಲ," ಎಂದ ತೈಸ್ತೊ. ಹಿಲ್ಕಾ ಏನನ್ನಾದರೂ ಸರಿಯಾಗಿ ನೋಡಿದ್ದನ್ನು ಅವನು ಆರು ವರ್ಷಗಳಲ್ಲಿ ಕಂಡಿರಲಿಲ್ಲ. ಅವಳೊಬ್ಬಳೇ ಏನು, ಫಿನ್ಲೆಂಡಿನ ಔಲು ನಗರದ ಈ ಕಚೇರಿಯಲ್ಲಿ ಎಲ್ಲರೂ ಅಷ್ಟೇ, ಸೋಮಾರಿಗಳ ಸಂತೆ. ಇವರು ಬರೆಯುವ ಆಂಬುಲೆನ್ಸ್ ಕೇಂದ್ರದ ತಂತ್ರಾಂಶಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ತುಣುಕುಗಳು, ಅಂದರೆ ಸಾವಿರ ಪ್ಯಾಕೇಜುಗಳು ಬೇಕು. ಪ್ರತಿ ಸಲವೂ ಅಷ್ಟನ್ನೂ ಇಂಟರ್ನೆಟ್ಟಿನಿಂದ ಇಳಿಸಲು ಹಾಕಿ, ನಲವತ್ತು ನಿಮಿಷ ಕಾಫಿ ಹೀರುತ್ತ, ಸೌನಾದ ಹಬೆಸ್ನಾನದ ಕಥೆ ಹೊಡೆಯುತ್ತ ಕೂರುತ್ತಿದ್ದ ಮಹಾನುಭಾವರು.

ಹೋದ ಚಳಿಗಾಲದಲ್ಲಿ ತೈಸ್ತೊ, ಎಲ್ಲರೂ ಕೋಟು ನೇತುಹಾಕುವ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟು ಅದಕ್ಕೆ ಉಗ್ರಾಣ ಎಂದು ಹೆಸರಿಟ್ಟ. ಒಮ್ಮೆ ಇಳಿಸಿದ ಪ್ಯಾಕೇಜು ಅದರಲ್ಲೇ ಉಳಿಯುತ್ತಿತ್ತು, ಮುಂದಿನ ಸಲ ಅಲ್ಲಿಂದಲೇ ಬರುತ್ತಿತ್ತು. ನಲವತ್ತು ನಿಮಿಷ ಮೂರಕ್ಕಿಳಿಯಿತು. ಒಬ್ಬರಾದರೂ ಶಭಾಸ್ ಅನ್ನಲಿಲ್ಲ, ಕಾಫಿ ಹೋಯಿತೆಂದು ಮುಖ ಸಿಂಡರಿಸಿದರು.

ಇವತ್ತು ನಕ್ಷೆಯ ಪ್ಯಾಕೇಜು ಕೆಟ್ಟು ಆಂಬುಲೆನ್ಸುಗಳು ತಪ್ಪು ಬೀದಿಗೆ ಹೋಗತೊಡಗಿದ್ದವು. ಅದನ್ನು ಬರೆದವರು ಬೆಳಿಗ್ಗೆಯೇ ಸರಿಪಡಿಸಿ, ಹಳೆಯ ಹೆಸರಿನಲ್ಲೇ ಹೊಸದನ್ನು ಇಟ್ಟಿದ್ದರು. ಮಧ್ಯಾಹ್ನ ಮೂರು ಹೊಡೆಯುವುದರೊಳಗೆ ಕೇಂದ್ರಕ್ಕೆ ಸರಿಯಾದ ತಂತ್ರಾಂಶ ತಲುಪಬೇಕಿತ್ತು. ತಲುಪಿಸಿದರೆ ತೈಸ್ತೊನ ಉಗ್ರಾಣ ಎಲ್ಲ ಶಾಖೆಗಳಿಗೂ, ಅದರ ಯಜಮಾನಿಕೆ ತೈಸ್ತೊನಿಗೆ ಎಂದು ಮುಖ್ಯಸ್ಥೆ ರೈಯಾ ಒಪ್ಪಿದ್ದಳು. ಅವನು ಉಗ್ರಾಣದ ಪ್ಯಾಕೇಜುಗಳಿಂದ ಮೂರು ಸಲ ತಂತ್ರಾಂಶ ಕಟ್ಟಿ ಹಿಲ್ಕಾಳಿಗೆ ಪರೀಕ್ಷೆಗೆ ಕೊಟ್ಟಿದ್ದ. ಮೂರು ಸಲವೂ ಅದೇ ತಪ್ಪು ಬೀದಿ.

ರೈಯಾ ಬಾಗಿಲಲ್ಲಿ ನಿಂತಳು. "ಎರಡೂಮುಕ್ಕಾಲಾಯ್ತು ಮಾರಾಯ. ಅರ್ಧ ಗಂಟೆ ಸಾಕು ಅಂದಿದ್ದೆ ನೀನು."

"ಆ ಪ್ಯಾಕೇಜ್ ಬರೆದೋರು ದಡ್ಡ ಶಿಖಾಮಣಿಗಳು. ಸರಿ ಮಾಡಿದೀವಿ ಅಂತ ಬೊಗಳೆ ಬಿಡ್ತಿದಾರೆ."

"ಬೊಗಳೆ ಅಲ್ಲ," ಎಂದಳು ಹಿಲ್ಕಾ. "ಎರಡು ಗಂಟೆಗೇ ನಾನು ಉಗ್ರಾಣ ಬಿಟ್ಟು ನೇರವಾಗಿ ಇಳಿಸೋಕೆ ಹಾಕಿದ್ದೆ. ಈಗ ಮುಗೀತು. ಬೀದಿ ಸರಿ ಬರ್ತಿದೆ. ನಿನ್ನ ಪೆಟ್ಟಿಗೆ ಹಳೇದನ್ನೇ ಕೊಡ್ತಿದೆ ತೈಸ್ತೊ. ಹೊಸದು ಬಂದಿದೆಯಾ ಅಂತ ಅದು ಯಾರನ್ನೂ ಕೇಳಲ್ಲ."

ಕೇಳದಂತೆ ಮಾಡಿದವನು ಅವನೇ. ಕೇಳುತ್ತ ಕೂತರೆ ಮೂರು ನಿಮಿಷ ನಾಲ್ಕಾಗುತ್ತಿತ್ತು.

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ಯಾ?"

"ಮಾರ್ಚಲ್ಲಿ ಹೇಳಿದ್ದೆ."

ಹೇಳಿದ್ದಳು. ಕಾಫಿ ಆರಿಹೋಗ್ತಿದೆ, ನಡಿ ಎಂದು ಅವನು ಅಟ್ಟಿದ್ದ. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವ ಜನ ಇವರಲ್ಲ. ಅವಳ ಮೌನವನ್ನು ಅವನು ಸೋಲು ಎಂದುಕೊಂಡಿದ್ದ.

"ಹಿಲ್ಕಾ ಕಟ್ಟಿದ್ದನ್ನ ಕಳಿಸ್ತೀನಿ," ಎಂದಳು ರೈಯಾ. "ನೀನು ಹೋಗಿ ಆ ಪೆಟ್ಟಿಗೆ ಆಫ್ ಮಾಡು."

ತನ್ನ ಕೋಟನ್ನು ಕುರ್ಚಿಗೇ ಹಾಕುತ್ತಿದ್ದ ತೈಸ್ತೊ ಆ ಕೋಣೆಗೆ ಕಾಲಿಟ್ಟು ತಿಂಗಳುಗಳಾಗಿದ್ದವು. ನವೆಂಬರಿನ ಹಿಮಕ್ಕೆ ನೆನೆದ ಉಣ್ಣೆಯ ಕೈಗವಸುಗಳನ್ನು ಯಾರೋ ಕಂಪ್ಯೂಟರಿನ ಬಿಸಿ ಬೆನ್ನಿನ ಮೇಲೆ ಸಾಲಾಗಿ ಒಣಗಲು ಹರವಿದ್ದರು. ಐದು ಜೊತೆ. ಅವನು ಒಂದೊಂದಾಗಿ ಎತ್ತಿಕೊಂಡ. ಎಲ್ಲಿಡುವುದೆಂದು ತಿಳಿಯದೆ, ಬೆಚ್ಚಗಿದ್ದ ಅಷ್ಟನ್ನೂ ಒಂದು ತೋಳಿನಲ್ಲಿ ಅವಚಿಕೊಂಡು ಗುಂಡಿ ಒತ್ತಿದ.