ಗೋಡೆಯಾಚೆಯ ತಂಪು

ಟಕ್.

ಸರಿರಾತ್ರಿಯಲ್ಲಿ ಆ ಸಣ್ಣ ಸದ್ದಾದರೆ ಸಾಕು, ಇಸ್ತ್ರಿಯವಳು ಮೊಮ್ಮಗಳನ್ನು ಎತ್ತಿಕೊಂಡು ಕಿಟಕಿಯಿಂದ ದೂರ ಸರಿಯುತ್ತಿದ್ದಳು. ಎದುರಿಗೆ ಯಜಮಾನನ ದೊಡ್ಡ ಮನೆಯ ಹಿಂಗೋಡೆ. ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ದಾಟುವಷ್ಟು ಓಣಿ. ಆ ಗೋಡೆಗೆ ಏಸಿಯ ಹೊರಪೆಟ್ಟಿಗೆಗಳನ್ನು ಜಡಿದಿದ್ದರು. ಟಕ್ ಎಂದೊಡನೆ ಅವುಗಳ ಫ್ಯಾನು ತಿರುಗಿ, ಒಳಗಿನ ಬಿಸಿಯನ್ನೆಲ್ಲ ತಂದು ಇವರ ಒಂದೇ ಕಿಟಕಿಗೆ ಸುರಿಯುತ್ತಿತ್ತು. ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ತೆರೆದರೆ ಮೈ ಬೇಯುತ್ತಿತ್ತು. ಮೊದಲಾದರೆ ರಾತ್ರಿಯಾದರೂ ಸೆಕೆ ಇಳಿಯುತ್ತಿತ್ತು. ಈ ವರ್ಷ ಅದೂ ಇಲ್ಲ.

"ಶುರುವಾಯ್ತು ನೋಡು ಮುಂಡೇದು," ಎಂದಳು ಮಗಳು.

ಮಗು ಸಂಜೆಯಿಂದ ಕುಡಿದದ್ದನ್ನೆಲ್ಲ ಕಕ್ಕಿತ್ತು. ಮಧ್ಯಾಹ್ನದಿಂದ ಬಟ್ಟೆ ಒದ್ದೆ ಮಾಡಿರಲಿಲ್ಲ. ಹಗಲು ತೋರಿಸಿದಾಗ ಆಸ್ಪತ್ರೆಯ ಡಾಕ್ಟರು ತಲೆಯೆತ್ತದೆ, "ತಣ್ಣಗಿರೋ ಜಾಗದಲ್ಲಿ ಇಡಿ," ಎಂದಿದ್ದರು.

"ಅದು ಯಾವ ಅಂಗಡೀಲಿ ಸಿಗುತ್ತೆ ಡಾಕ್ಟ್ರೇ? ಅದನ್ನೂ ಚೀಟೀಲಿ ಬರ್ಕೊಡಿ," ಎಂದಿದ್ದಳು ಮಗಳು.

"ಕೊಬ್ಬು ನೋಡು! ಮುಂದಿನವರು ಬನ್ನಿ."

ಅಲ್ಲಿಂದ ಬಂದವಳೇ ಇಸ್ತ್ರಿಯವಳು ಯಜಮಾನನ ಗೇಟಿಗೆ ಹೋಗಿದ್ದಳು, ಬಟ್ಟೆ ಕೊಡುವ ನೆಪದಲ್ಲಿ.

"ಸ್ವಾಮಿ, ಆ ಪೆಟ್ಟಿಗೆಗೆ ಒಂದು ತಗಡು ಅಡ್ಡ ಹಾಕ್ಸಿ. ಬಿಸಿಗಾಳಿ ಮೇಲಕ್ಕೆ ಹೋಗುತ್ತೆ. ಮಗು ತಡೀತಿಲ್ಲ."

ಯಜಮಾನ ಅಂಗಿಯ ಕಾಲರನ್ನು ತಿರುಗಿಸಿ ತಿರುಗಿಸಿ ನೋಡಿದ. "ದಿನಾ ಇದ್ದಿಲು ಉರಿಸ್ತೀಯಲ್ಲ, ಆ ಹೊಗೆ ಯಾರಪ್ಪಂದೇ? ಲೋಕ ಕಾದ ಕಾವಲಿ ಆಗಿರೋದೇ ನಿಮ್ಮಂಥೋರಿಂದ. ನನ್ನ ಮೆಷಿನ್ ಬಗ್ಗೆ ಮಾತಾಡೋಕೆ ಬಂದ್ಳು!"

"ಇದ್ದಿಲು ಉರಿಯೋದು ನಿಮ್ಮ ಅಂಗಿಗೇ ಅಲ್ವಾ ಸ್ವಾಮಿ."

"ನಾಲಿಗೆ ಉದ್ದ ಆಯ್ತು ನಿಂದು. ಓಣಿಯಿಂದ ಎಬ್ಬಿಸ್ಬೇಕಾ?"

ಒಳಗಿನಿಂದ ಅವನ ತಾಯಿ ಕೂಗಿದಳು. ಹಾಸಿಗೆ ಹಿಡಿದು ವರ್ಷಗಳಾಗಿದ್ದರೂ ಗಂಟಲು ಮಾತ್ರ ಗಟ್ಟಿ. "ಯಾರೋ ಅದು, ನಮ್ಮ ಇಸ್ತ್ರಿನಾ? ಏ, ನನ್ನ ಬಟ್ಟೆ ಗರಿಗರಿಯಾಗಿ ಮಾಡೇ! ಮೈಯಂತೂ ಸುಕ್ಕಾಯ್ತು, ಬಟ್ಟೆಗಾದ್ರೂ ಬೇಡ."

"ಮೈಗೂ ಇಸ್ತ್ರಿ ಹಾಕ್ತೀನಿ, ಬಾ ಅಜ್ಜಿ," ಎಂದು ಇವಳೂ ಕೂಗಿದ್ದಳು. ಮುದುಕಿ ಕೆಮ್ಮು ಬರುವಷ್ಟು ನಕ್ಕಿತ್ತು. ಯಜಮಾನ ಗೇಟು ಹಾಕಿಕೊಂಡಿದ್ದ.

ಈಗ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಂತೆ ಕಂಡಿತು. ಮಗಳು ಸೋತು ಗೋಡೆಗೊರಗಿ ನಿದ್ದೆಹೋಗಿದ್ದಳು.

ದೊಡ್ಡ ಪೆಟ್ಟಿಗೆ ಯಜಮಾನನ ಕೋಣೆಯದು, ಚಿಕ್ಕದು ಮುದುಕಿಯದು, ಪಕ್ಕದ್ದು ಅವನ ಹೆಂಡತಿ ಮಕ್ಕಳದು. ಓಣಿಯವರು ಯಾರೂ ಆ ಮನೆಯೊಳಗೆ ಕಾಲಿಟ್ಟವರಲ್ಲ. ಅದರ ಕೋಣೆಗಳನ್ನು ಅವರು ತಿಳಿದದ್ದು ಹೀಗೆ, ಬೆನ್ನಿನ ಕಡೆಯಿಂದ, ಪೆಟ್ಟಿಗೆಗಳ ಲೆಕ್ಕದಲ್ಲಿ. ಇಸ್ತ್ರಿಯವಳು ಗೋಣಿಚೀಲವೊಂದನ್ನು ಬಕೆಟ್ಟಿನಲ್ಲಿ ಅದ್ದಿದಳು. ಸ್ಟೂಲು ಹತ್ತಿ ದೊಡ್ಡ ಪೆಟ್ಟಿಗೆಗೆ ಅದನ್ನು ಸುತ್ತಿ, ಹಗ್ಗದಿಂದ ಬಿಗಿದಳು.

"ಒಂದು ರಾತ್ರಿ ನೀನೂ ಬೇಯಿ, ಬೋಳಿಮಗನೇ."

ಯಂತ್ರ ಉಬ್ಬಸ ಬಂದವರಂತೆ ಗೊರಗುಟ್ಟಿ ನಿಂತಿತು. ಸ್ವಲ್ಪ ಹೊತ್ತಿಗೆ ಓಣಿಯ ಗಾಳಿ ಗಾಳಿಯಂತಾಯಿತು. ಮಗು ಚಮಚದ ನೀರು ಚೀಪಿ, ಕಕ್ಕದೆ ಮಲಗಿತು. ಬೆಳಕು ಹರಿಯುವ ಮೊದಲು ಅವಳು ಚೀಲ ಬಿಚ್ಚಿ ಓಣಿಯ ಬಟ್ಟೆ ಹಗ್ಗದ ಮೇಲೆ ಒಣಹಾಕಿದಳು.

ಬೆಳಿಗ್ಗೆ ಯಜಮಾನನೇ ಓಣಿಗೆ ಬಂದ. ಅದುವರೆಗೆ ಅವನನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಕೈಯಲ್ಲಿ ಮುದುಕಿಯ ಬಟ್ಟೆ.

"ಬೇಗ ಮಾಡ್ಕೊಡು. ಅಮ್ಮಂಗೆ ಉಡಿಸ್ಬೇಕು."

"ಎಲ್ಲಿಗೆ ಹೊರಟಿದ್ದು ಅಜ್ಜಿ?"

ಅವನ ಬಾಯಿ ಸೊಟ್ಟಗಾಯಿತು. "ಹೋಗ್ಬಿಟ್ರು ಕಣೇ. ಸೆಕೆ ತಡೆಯೋಕಾಗಲ್ಲ ಅಂದ್ರು ಅಂತ ನಿನ್ನೆ ಸಂಜೆ ನಾನೇ ನನ್ನ ರೂಮಿಗೆ ತಂದು ಮಲಗಿಸ್ದೆ. ದೊಡ್ಡ ಮೆಷಿನ್ನು, ತಣ್ಣಗಿರ್ಲಿ ಅಂತ. ಕಿಟಕಿ ಬಾಗಿಲು ಎಲ್ಲ ಭದ್ರವಾಗಿ ಮುಚ್ಚಿದ್ದೆ. ರಾತ್ರಿ ಯಾವಾಗ್ಲೋ ಕೆಟ್ಟಿದೆ. ಕೂಗಿದ್ರೇನೋ, ಕೇಳಿಸ್ಲಿಲ್ಲ. ನಾನು ಆ ಕಡೆ ರೂಮಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ನಾನೇ ಕೊಂದೆ."

ಓಣಿಯ ಬಾಯಲ್ಲಿದ್ದ ಇಸ್ತ್ರಿ ಮೇಜಿನ ಅಂಚು ಹಿಡಿದು ಅವನು ಬಿಕ್ಕಿದ. ಅವನ ಬೆನ್ನ ಹಿಂದೆ ಹಗ್ಗದ ಮೇಲಿನ ಚೀಲದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡ ಊದಿದಳು. ಬಟ್ಟೆಗೆ ನೀರು ಚಿಮುಕಿಸಿದಳು. ಒಂದೊಂದು ಮಡಿಕೆಯನ್ನೂ ಅಂಗೈಯಿಂದ ಸವರಿ ಇಸ್ತ್ರಿ ಎಳೆದಳು. ಎಲ್ಲಿಯೂ ಸುಡಲಿಲ್ಲ.

ಯಜಮಾನ ಮುಖ ಒರೆಸಿಕೊಂಡ. ಬಟ್ಟೆಗೆ ಕೈಚಾಚುವಷ್ಟರಲ್ಲಿ ದನಿ ಹಳೆಯದೇ ಆಗಿತ್ತು. "ಮಧ್ಯಾಹ್ನ ಜನ ಬರ್ತಾರೆ, ಈ ಸೆಕೇಲಿ ಹೇಗೆ ಕೂರ್ತಾರೆ? ಹೊಸ ಮೆಷಿನ್ ಹಾಕಿಸ್ತಿದ್ದೀನಿ, ಎರಡು. ಕೆಲಸದೋರು ಏಣಿ ಇಡ್ತಾರೆ. ನಿನ್ನ ಹಗ್ಗ ಗಿಗ್ಗ ಎಲ್ಲ ಬಿಚ್ಚು."

ಅವನು ಹೋದ ಮೇಲೆ ಮಗಳು ಹೊರಗೆ ಬಂದಳು. "ಅಯ್ಯೋ, ಒಳ್ಳೆ ಮುದುಕಿ. ಹೋಗೋದಾದ್ರೆ ಇವನು ಹೋಗ್ಬಾರ್ದಿತ್ತಾ? ಅಲ್ಲವ್ವಾ, ಮೆಷಿನ್ನು ಹೇಗೆ ಕೆಡ್ತಂತೆ?"

ಅವಳ ಸೊಂಟದ ಮೇಲಿದ್ದ ಮಗು ಅಜ್ಜಿಯನ್ನು ಕಂಡು ಎರಡೂ ಕೈ ಚಾಚಿತು. ಎತ್ತಿಕೊಳ್ಳಲು ಇಸ್ತ್ರಿಯವಳ ಕೈ ಮುಂದೆ ಬರಲಿಲ್ಲ.

ಹೇಳಿಬಿಟ್ಟರೆ ಯಜಮಾನನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ತಾಯಿಯನ್ನು ಕೊಂದದ್ದು ತಾನಲ್ಲ, ಇಂಥವಳು ಎಂದು ತಿಳಿದು ಅವನು ಹೊಸ ತಂಪಿನಲ್ಲಿ ಕಣ್ತುಂಬ ನಿದ್ದೆ ಮಾಡುತ್ತಿದ್ದ.

"ಯಾರಿಗೆ ಗೊತ್ತು," ಎಂದಳು.

ಮಗಳಿಗೂ ಇಲ್ಲ, ಮುಂದೆ ಈ ಮಗುವಿಗೂ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಅವಳು ಹಗ್ಗ ಬಿಚ್ಚತೊಡಗಿದಳು.